ಆಮ್ರಪಾಲಿಯ ಮನೆಯಲ್ಲಿಟ್ಟ ಪ್ರಸ್ಥಾನ

ಜಲನಗರದ ನಮ್ಮ ಓಣಿಯಲ್ಲಿ ಯಾರು ದೂರದ ಊರಿಗೆ ಹೊರಟರೂ ಅವರ ಚೀಲ ಮೊದಲು ನಮ್ಮ ಮನೆಗೆ ಬರುತ್ತದೆ. ಹೊರಡುವ ದಿನ ಪಂಚಾಂಗಕ್ಕೆ ಒಗ್ಗದಿದ್ದರೆ, ಅದಕ್ಕೂ ಮುಂಚಿನ ಒಂದು ಒಳ್ಳೆಯ ದಿನ ನೋಡಿ ಚೀಲವನ್ನು ಬೇರೊಬ್ಬರ ಮನೆಯಲ್ಲಿಟ್ಟುಬಿಡುವುದು. ಪಯಣ ಅಂದೇ ಶುರುವಾಯಿತೆಂದು ಲೆಕ್ಕ. ಆಮೇಲೆ ಆ ಮನೆಯಿಂದ ಚೀಲ ಎತ್ತಿಕೊಂಡು ಹೊರಟರಾಯಿತು. ಇದಕ್ಕೆ ಪ್ರಸ್ಥಾನ ಇಡುವುದು ಎನ್ನುತ್ತಾರೆ. ಗ್ರಹಗಳ ಕಣ್ಣಿಗೆ ಮಣ್ಣೆರಚುವ ಉಪಾಯ ಎಂದು ನಾನು ನಗುತ್ತೇನೆ, ಆದರೂ ಚೀಲ ಇಟ್ಟುಕೊಳ್ಳುತ್ತೇನೆ. ಓಣಿಯ ಪೂರ್ವದ ತುದಿಯ ಮನೆ ನಮ್ಮದು, ಪ್ರಸ್ಥಾನಕ್ಕೆ ಅದೇ ಶುಭವೆಂದು ಎಲ್ಲರ ನಂಬಿಕೆ. ಬಂದ ಗೌರವ ಬಿಡಲು ನನಗೇನು ಹುಚ್ಚೇ?

ಹಾಗಿದ್ದೂ ಎದುರು ಮನೆಯ ಜಾನಕೀಬಾಯಿ ಹೋದ ವರ್ಷ ತಮ್ಮ ಚೀಲವನ್ನು ನಮ್ಮಲ್ಲಿಡಲಿಲ್ಲ. ಅದು ಯಾಕೆಂದು ಹೇಳಬೇಕಾದರೆ ಆಮ್ರಪಾಲಿಯ ಬಗ್ಗೆ ಹೇಳಬೇಕು.

ಆಮ್ರಪಾಲಿ ಟಿಕೋಟಾ ಹತ್ತಿರದ ಬಿಜ್ಜರಗಿಯವಳು. ಅಪ್ಪ ಪರಸಪ್ಪ ಕಂಡವರ ದ್ರಾಕ್ಷಿ ತೋಟದಲ್ಲಿ ದುಡಿದು ಮಗಳನ್ನು ಓದಿಸಿದ. ಅವಳು ಗೋಳಗುಮ್ಮಟದ ಎದುರಿನ ಸಾಲಿನಲ್ಲಿ ಇಕ್ಕಟ್ಟಾದ ಅಂಗಡಿಯೊಂದನ್ನು ಹಿಡಿದು ಮೊದಲು ಬಸ್ಸಿನ ಟಿಕೆಟ್ ಮಾಡಿಕೊಡುತ್ತಿದ್ದಳು. ಆಮೇಲೆ ತನ್ನ ಬೌದ್ಧ ಬಂಧುಗಳನ್ನು ಬುದ್ಧಗಯೆಗೆ, ಶ್ರೀಲಂಕೆಯ ಅನುರಾಧಪುರಕ್ಕೆ ಯಾತ್ರೆ ಕರೆದೊಯ್ಯತೊಡಗಿದಳು. ಬಬಲೇಶ್ವರದ ದ್ರಾಕ್ಷಿ ಬೆಳೆಗಾರರು ಹಾಲೆಂಡಿನ ಮಾರುಕಟ್ಟೆ ನೋಡಲು ಹೋದಾಗಲೂ ಟಿಕೆಟ್ ಮಾಡಿದ್ದು ಇವಳೇ. ಶುದ್ಧ ಬಾಯಿಬಡಕಿ, ಜಗಳಕ್ಕೂ ಸೈ. ಆದರೆ ಹಿಡಿದ ಕೆಲಸ ಬಿಡು ಎಂದರೆ ಬಿಡುವವಳಲ್ಲ. ನನಗೆ ಅವಳೆಂದರೆ ಅದಕ್ಕೇ ಇಷ್ಟ.

ಜಾನಕೀಬಾಯಿಯ ಮಗಳು ಶರ್ವರಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನರ್ಸ್. ಮೊದಲ ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಈಗ ಮತ್ತೆ ಬಸುರಿ, ಜನವರಿಗೆ ದಿನ ತುಂಬುತ್ತಿತ್ತು. "ಅಮ್ಮಾ, ನೀ ಬಂದ್ರ ಮಾತ್ರ ನನಗ ಧೈರ್ಯ" ಎಂದು ಫೋನಿನಲ್ಲಿ ಅಳುತ್ತಿದ್ದಳು. ಆದರೆ ಜಾನಕೀಬಾಯಿಗೆ ಆ ಬೇಸಿಗೆಯಲ್ಲಷ್ಟೇ ಬೆನ್ನಿನ ಆಪರೇಷನ್ ಆಗಿತ್ತು. ಎರಡು ತಾಸಿಗಿಂತ ಹೆಚ್ಚು ಕೂಡಲೇಬಾರದು, ಮಲಗಿ ಹೋಗುವುದಾದರೆ ಹೋಗಿ ಎಂದಿದ್ದರು ಡಾಕ್ಟರು. ವಿಮಾನದಲ್ಲಿ ಕಾಲು ಚಾಚಿ ಮಲಗುವ ಆಸನ ಇರುವುದು ಬಿಸಿನೆಸ್ ಕ್ಲಾಸಿನಲ್ಲಿ. ಅದರ ದರ ಕೇಳಿ ಪಿಂಚಣಿಯ ಮೇಲಿರುವ ಅವರ ಯಜಮಾನರು ಶಿವಾನಂದರಾಯರು ಹೌಹಾರಿದರು. "ಮೂಗಿಗಿಂತ ಮೂಗುತಿ ಭಾರ ಆತಲ್ಲ! ಈ ರೊಕ್ಕದಾಗ ಒಂದು ಟ್ರ್ಯಾಕ್ಟರ್ ಬರ್ತದ" ಎಂದರು.

ಶಾಲೆಯಲ್ಲಿ ನನ್ನ ಕೈಯಲ್ಲಿ ಕಲಿತವಳೆಂಬ ಸಲಿಗೆಯಿಂದ ನಾನೇ ಆಮ್ರಪಾಲಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು, "ಯಾವತ್ತ ಹೋಗಬೇಕು ಅನ್ನೂದಲ್ರಿ ಟೀಚರ್, ಎಷ್ಟು ದಿನ ಹಿಂದ-ಮುಂದ ಆದ್ರ ನಡೀತೈತಿ?" ಎಂದು. ಕೂಸು ಹುಟ್ಟುವುದರೊಳಗೆ ಯಾವತ್ತಾದರೂ ಸರಿ ಎಂದೆ. "ಹಂಗಾದ್ರ ಕ್ರಿಸ್‌ಮಸ್ ದಿನಾನ ಹಿಡಿಯೋಣ. ಆ ಸೀಟಿನ್ಯಾಗ ಕೂಡೋರು ಕಂಪನಿ ಮಂದಿ. ಅವರೆಲ್ಲ ಹಬ್ಬಕ್ಕ ಮನ್ಯಾಗ ಕುಂತಿರ್ತಾರ, ಸೀಟು ಖಾಲಿ ಬಿದ್ದಿರ್ತಾವು" ಎಂದಳು.

ಆದರೂ ಮುಂಬೈ, ಬೆಂಗಳೂರಿನಿಂದ ಹೊರಡುವ ಟಿಕೆಟ್ ಕೈಗೆಟುಕಲಿಲ್ಲ. ಅವಳು ಬಿಡಲಿಲ್ಲ, ಗಿರಾಕಿಗಳು ಹೋದ ಕೂಡಲೇ ಮತ್ತೆ ಹುಡುಕಲು ಕೂಡುತ್ತಿದ್ದಳು. ಒಂದು ಸಂಜೆ ಸ್ಕೂಟಿ ಹತ್ತಿ ನೇರವಾಗಿ ಜಾನಕೀಬಾಯಿಯ ಮನೆಗೇ ಬಂದಳು. ನಾನೂ ಅಲ್ಲೇ ಇದ್ದೆ.

"ಬಾಯಾರ, ಟಿಕೆಟ್ ಕೊಲಂಬೋದಿಂದ ಶುರು ಮಾಡೋಣ. ಅರ್ಧಕ್ಕಿಂತ ಕಡಿಮಿ ಬೀಳ್ತೈತಿ."

"ಇಂಗ್ಲೆಂಡು ಪಶ್ಚಿಮಕ್ಕ ಅದ, ನೀ ದಕ್ಷಿಣಕ್ಕ ಲಂಕಾಕ್ಕ ಕಳಸ್ತೀಯಲ್ಲ!" ರಾಯರು ಗುಡುಗಿದರು. "ಇದ್ಯಾವ ಶಾಸ್ತ್ರ?"

"ಶಾಸ್ತ್ರ ಅಲ್ರಿ ರಾಯರ, ಧಾರಣಿ. ಒಂದ ನಮೂನಿ ಒಣದ್ರಾಕ್ಷಿಗೆ ತಾಸಗಾಂವ ಪ್ಯಾಟ್ಯಾಗ ಒಂದು ಧಾರಣಿ, ನಮ್ಮ ಪ್ಯಾಟ್ಯಾಗ ಒಂದು ಧಾರಣಿ. ವಿಮಾನಕ್ಕೂ ಹಂಗ. ಎಲ್ಲಿಂದ ಹೊರಡ್ತೀರಿ ಅನ್ನೂದರ ಮ್ಯಾಲೆ ಧಾರಣಿ. ನಾ ಯಾತ್ರೆಗೆ ಹೋಗಿ ಬಂದು ಅಲ್ಲೀದು ನೋಡೇನಿ."

ರಾಯರಿಗೆ ಇದು ತಲೆಗೆ ಹೋಗಲಿಲ್ಲ. ಒಳಗೆ ಮಂಚದ ಮೇಲೆ ಮಲಗಿದ್ದ ಜಾನಕೀಬಾಯಿ ನನ್ನತ್ತ ಕೈ ತೋರಿಸಿ ನಕ್ಕುಬಿಟ್ಟರು. "ಅಯ್ಯ, ನಾವು ನಿರ್ಮಲಾನ ಮನ್ಯಾಗ ಪ್ರಸ್ಥಾನ ಇಡೂದಿಲ್ಲೇನ್ರಿ? ಈ ಹುಡುಗಿ ಟಿಕೆಟ್ಟಿಂದು ಪ್ರಸ್ಥಾನ ಕೊಲಂಬೋದಾಗ ಇಡ್ಲಿಕ್ಕತ್ತಾಳ, ಅಷ್ಟ!"

ಆಮ್ರಪಾಲಿ ಕಣ್ಣರಳಿಸಿ ಕೇಳಿಸಿಕೊಂಡಳು. ಆಮೇಲೆ ಒಂದು ಷರತ್ತು ಹಾಕಿದಳು. ಕೊಲಂಬೋ ಮುಟ್ಟುವ ಟಿಕೆಟ್ ಬೇರೆ, ಅಲ್ಲಿಂದ ಮುಂದಿನದು ಬೇರೆ. ಮೊದಲ ವಿಮಾನ ತಡವಾದರೆ ಎರಡನೆಯದು ಕಾಯುವುದಿಲ್ಲ, ಕೊಟ್ಟ ರೊಕ್ಕವೂ ಹೋಗುತ್ತದೆ, ಶರ್ವರಿಯ ಹೆರಿಗೆಗೂ ಮುಟ್ಟುವುದಿಲ್ಲ. ಹಾಗಾಗಿ ಎರಡು ದಿನ ಮೊದಲೇ ಹೋಗಿ ಉಳಿಯಬೇಕು. "ನಮ್ಮ ಯಾತ್ರಾ ಮಂದಿ ಆವಾಗ ಲಂಕಾಕ್ಕ ಹೊಂಟಾರ. ನನ್ನ ಕೂಡ ಬರ್ರಿ, ಕೊಲಂಬೋದ ನಮ್ಮ ಧರ್ಮಶಾಲಾದಾಗ ಇರ್ರಿ. ನಾನ ವಿಮಾನ ಹತ್ತಿಸ್ತೇನಿ."

ರಾಯರು ಹೆಂಡತಿಯ ಮುಖ ನೋಡಿದರು. ಜಾನಕೀಬಾಯಿಯ ಮಡಿ ಓಣಿಗೆಲ್ಲ ಗೊತ್ತು. ನಮ್ಮ ಮನೆಯಲ್ಲೇ ಅವರು ಹಣ್ಣು ಬಿಟ್ಟರೆ ಏನೂ ಮುಟ್ಟುವುದಿಲ್ಲ. ಆ ಸಂಜೆ ಆಮ್ರಪಾಲಿ ಅಷ್ಟು ಹೊತ್ತು ಕುಳಿತದ್ದು ಬಾಗಿಲಾಚೆಯ ಕುರ್ಚಿಯಲ್ಲಿ. ನೀರು ಬೇಕೇ ಎಂದು ಕೇಳಿದವರಿಲ್ಲ. ನನಗೆ ಮೈ ಉರಿದುಹೋಯಿತು. ಅವಳು ಮಾತ್ರ, "ವಿಚಾರ ಮಾಡಿ ನಾಳೆ ಹೇಳ್ರಿ ಬಾಯಾರ, ದರ ಏರೂದ್ರೊಳಗ" ಎಂದು ಹೇಳಿ ಎದ್ದಳು. ಆ ಹುಡುಗಿಯ ಜಾಗದಲ್ಲಿ ನಾನಿದ್ದರೆ ಟಿಕೆಟ್ಟೂ ಬೇಡ, ನೀವೂ ಬೇಡ ಎಂದು ಹೋಗುತ್ತಿದ್ದೆ.

ಮರುದಿನ ಜಾನಕೀಬಾಯಿ ಹೂಂ ಎಂದರು. ಟಿಕೆಟ್ ಆಯಿತು. ಹೊರಡುವ ದಿನ ಮಾತ್ರ ಪಂಚಾಂಗಕ್ಕೆ ಒಗ್ಗಲಿಲ್ಲ. ನಾನು ಪ್ರಸ್ಥಾನಕ್ಕೆಂದು ನಮ್ಮ ಕೋಣೆ ಗುಡಿಸಿಟ್ಟೆ. ಒಳ್ಳೆಯ ದಿನ ಬಂತು, ಜಾನಕೀಬಾಯಿ ಬರಲಿಲ್ಲ. ಹೊರಗೆ ಬಂದು ನೋಡಿದರೆ ರಾಯರು ಚೀಲವನ್ನು ಆಟೋದಲ್ಲಿ ಇಡುತ್ತಿದ್ದಾರೆ. ಬಾಣಂತಿಗೆಂದು ಕಟ್ಟಿದ ಅಂಟಿನುಂಡಿ ಅದರಲ್ಲಿತ್ತು.

"ನೀನೂ ಹತ್ತು ನಿರ್ಮಲಾ" ಎಂದರು ಜಾನಕೀಬಾಯಿ.

ಆಟೋ ನಿಂತದ್ದು ಗೋಳಗುಮ್ಮಟದ ಹಿಂದಿನ ಆಮ್ರಪಾಲಿಯ ಬಾಡಿಗೆ ಮನೆಯ ಮುಂದೆ. ಅವಳ ತಾಯಿ ಚಂದ್ರಾಬಾಯಿ ಗಾಬರಿಯಿಂದ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲಲ್ಲೇ ನಿಂತಳು. ಜಾನಕೀಬಾಯಿ ನನ್ನ ತೋಳು ಹಿಡಿದು ಮೆಲ್ಲಗೆ ಒಳಗೆ ನಡೆದರು. ಬುದ್ಧನ ಫೋಟೋದ ಕೆಳಗೆ ಚೀಲ ಇಡಿಸಿದರು.

"ಚಂದ್ರಾಬಾಯಾರ, ಒಂದು ಕಪ್ ಚಹಾ ಸಿಗ್ತದೇನ್ರಿ? ಪ್ರಸ್ಥಾನ ಇಟ್ಟ ಮನ್ಯಾಗ ಏನೂ ಬಾಯಿಗೆ ಹಾಕ್ದ ಹೋಗಬಾರದು."

ಇಷ್ಟು ವರ್ಷ ಊರವರ ಚೀಲ ಇಟ್ಟುಕೊಂಡವಳು ನಾನು. ಅಂಥದೊಂದು ಶಾಸ್ತ್ರ ಇದೆಯೆಂದು ಯಾರಿಂದಲೂ ಕೇಳಿಲ್ಲ. ಬಾಯಿ ಮುಚ್ಚಿಕೊಂಡು ನಾನೂ ಚಹಾ ಕುಡಿದೆ.

ಆಮ್ರಪಾಲಿ ಹೇಳಿದಂತೆಯೇ ಎಲ್ಲ ನಡೆಯಿತು. ಬೆಂಗಳೂರಿನವರೆಗೆ ರೈಲಿನಲ್ಲಿ ಮಲಗಿ, ಕೊಲಂಬೋಕ್ಕೆ ಒಂದೂವರೆ ತಾಸು ಕುಳಿತು, ಅಲ್ಲಿಂದ ಮುಂದೆ ಮತ್ತೆ ಮಲಗಿ ಹೋದರು. ಜನವರಿಯಲ್ಲಿ ಶರ್ವರಿಗೆ ಹೆಣ್ಣು ಕೂಸು ಹುಟ್ಟಿತು, ಹುಟ್ಟುತ್ತಲೇ ಜೋರಾಗಿ ಅತ್ತಿತಂತೆ. ಜಾನಕೀಬಾಯಿ ಫೋನ್ ಮಾಡಿದರು.

"ನಿರ್ಮಲಾ, ಆಮ್ರಪಾಲಿ ಮನ್ಯಾಗ ನಂದೊಂದು ಇಳಕಲ್ ಸೀರಿ ಉಳದದ ನೋಡು."

"ಮರತು ಬಿಟ್ಟು ಹೋದ್ರೇನು? ನಾ ಇಸ್ಕೊಂಡು ಬರ್ಲೇನ್ರಿ?"

"ಬ್ಯಾಡ, ಅಲ್ಲೇ ಇರ್ಲಿ. ಬೇಕಂತ ಬಿಟ್ಟು ಬಂದೇನಿ. ತಿರುಗಿ ಬಂದಾಗ ಮೊದಲ ಆ ಮನಿಗೇ ಇಳೀತೇನಿ ಅಂತ ಹೇಳು."

ಹೇಳಲೆಂದು ಅಂಗಡಿಗೆ ಹೋದೆ. ಬಾಯಿಬಡಕಿ ಆಮ್ರಪಾಲಿ ಕೇಳಿಸಿಕೊಂಡು ಒಮ್ಮೆ ತಲೆಯಾಡಿಸಿದಳು. ಕಂಪ್ಯೂಟರಿನ ಕಡೆ ತಿರುಗಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಜಾನಕೀಬಾಯಿ ಮರಳಿ ಬರುವ ವಿಮಾನ ಎಷ್ಟು ಗಂಟೆಗೆ ಇಳಿಯುತ್ತದೆಂದು ನೋಡತೊಡಗಿದಳು.