ಶನಿವಾರ ಕಬ್ಬಿಣ ತರಬಾರದು ಎಂದೆ

ಆಗ ನನಗೆ ಅರವತ್ತೇಳು. ಆರು ವರ್ಷದ ಹಿಂದಿನ ಮಾತು. ಶೈಲಾ, ನಿನ್ನ ಮಾವ ಮತ್ತೆ ಎದ್ದು ನಡೆಯುವುದಕ್ಕೆ ಅಡ್ಡ ನಿಂತವಳು ನಾನು. ನನಗೆ ಅಕ್ಷರ ಅಷ್ಟಕ್ಕಷ್ಟೆ, ಆದರೂ ಬರೆಯುತ್ತಿದ್ದೇನೆ — ಸೊಸೆಯ ಮುಖ ನೋಡಿಕೊಂಡು ಇದನ್ನು ಹೇಳಲಾರೆ.

ಲಕ್ವ ಹೊಡೆದು ಅವರ ಬಲಗಡೆ ಬಿದ್ದಿತ್ತು, ಮಾತೂ ನಿಂತಿತ್ತು. ವ್ಯಾಯಾಮ ಮಾಡಿಸಲು ಬರುತ್ತಿದ್ದ ಡಾಕ್ಟರಮ್ಮ, ಮೊದಲ ಕೆಲವು ತಿಂಗಳೇ ಮುಖ್ಯ, ದಿನಾ ಕಾಲು ಆಡಬೇಕು, ಮನೆಗೇ ಒಂದು ವ್ಯಾಯಾಮದ ಸೈಕಲ್ಲು ತನ್ನಿ ಎಂದಳು. ನೀನು ಕಣ್ಣು ಮುಚ್ಚಿ ತರುವವಳಲ್ಲ. ಆಫೀಸು ಮುಗಿಸಿ ಜಯನಗರದ ಅಂಗಡಿಗಳನ್ನೆಲ್ಲ ಸುತ್ತಿದೆ, ನೀನೇ ಹತ್ತಿ ತುಳಿದು ನೋಡಿದೆ. ಓಡುವ ಮಿಷನ್ನು ಬೇಡ, ಬಿದ್ದಾರು. ಎತ್ತರದ ಸೈಕಲ್ಲೂ ಬೇಡ, ಕಾಲೆತ್ತಿ ಹತ್ತಲಾರರು. ಗಿರಿನಗರದ ನಿನ್ನ ಚಿಕ್ಕಮ್ಮನ ಮಿಷನ್ನನ್ನೂ ನೋಡಿ ಬಂದೆ — ಅದರ ಮೇಲೆ ಲಂಗ ಒಣಗುತ್ತಿತ್ತು ಎಂದು ನಕ್ಕೆ. ಕೊನೆಗೆ ಆರಿಸಿದ್ದು ಕುರ್ಚಿಯಲ್ಲಿ ಕೂತಂತೆ ಬೆನ್ನು ಒರಗಿಸಿ ತುಳಿಯುವಂಥದ್ದು. ಜಾರದಂತೆ ಪಾದಕ್ಕೆ ಪಟ್ಟಿ ಬೇರೆ. ಅದನ್ನು ತುಳಿಯುವ ರೀತಿಯನ್ನು ಫೋನಿನಲ್ಲಿ ನಿನ್ನ ಮಾವನಿಗೆ ತೋರಿಸಿದೆ. ಅವರು ಅದರಿಂದ ಕಣ್ಣು ಕೀಳಲಿಲ್ಲ.

ಶನಿವಾರ ತರುತ್ತೇನೆ ಎಂದೆ ನೀನು. ಶನಿವಾರ ಮನೆಗೆ ಕಬ್ಬಿಣ ತರಬಾರದು ಎಂದೆ ನಾನು. ಭಾನುವಾರ ಅಮಾವಾಸ್ಯೆ ಎಂದೆ. ಆಮೇಲೆ ಆಷಾಢ ಬಂತು. ನೀನು ನಂಬಿದೆ — ಇಲ್ಲ, ನನ್ನ ಮಾತಿಗೆ ಬೆಲೆ ಕೊಟ್ಟೆ. ನಮ್ಮ ದೋಸೆ ಕಾವಲಿಯನ್ನು ನಾನು ತಂದದ್ದೇ ಒಂದು ಶನಿವಾರ.

ಕಾಲಿದ್ದಷ್ಟು ದಿನ ಅವರು ಮನೆಯಲ್ಲಿ ಕೂತವರಲ್ಲ. ಬನಶಂಕರಿಯ ಪಾರ್ಕು, ಇಸ್ಪೀಟು, ಅಂಜನಾಪುರದ ಸೈಟು — ನಾನು ಉಂಡೆನೋ ಬಿಟ್ಟೆನೋ ಎಂದು ಕೇಳಿದವರಲ್ಲ. ಕಾಲು ಬಿದ್ದ ಮೇಲೆ, ನಾನು ಅಡುಗೆಮನೆಗೆ ಹೋದರೂ ಅವರ ಕಣ್ಣು ಹಿಂದೆ ಬರುತ್ತಿತ್ತು. ಅದು ನನಗೆ ಬೇಕಾಗಿತ್ತು. ಅಷ್ಟೆ.

ಆಷಾಢ ಕಳೆಯಿತು. “ಅತ್ತೆ, ಇನ್ನೇನು ಶಾಸ್ತ್ರ ಉಳ್ಕೊಂಡಿದೆ ಈಗ್ಲೇ ಹೇಳ್ಬಿಡಿ. ನಾಳೆ ಆರ್ಡರ್ ಕೊಡ್ತೀನಿ,” ಎಂದೆ ನೀನು.

“ಅವ್ರಿಗೇ ಬೇಡ್ವಂತೆ ಕಣೇ. ಸುಮ್ನೆ ಹಿಂಸೆ ಕೊಡ್ಬೇಡಿ ಅಂತ ಕೈ ಆಡ್ಸಿದ್ರು.”

ಅವರು ಕೈ ಆಡಿಸಿರಲಿಲ್ಲ. ನೀನು ಅವರನ್ನೇ ಕೇಳಲು ಎದ್ದೆ. ನಿದ್ದೆ ಹತ್ತಿದೆ ಎಂದು ನಾನು ತಡೆದೆ. ಆಮೇಲೆ ನೀನು ಆ ಮಾತೇ ಎತ್ತಲಿಲ್ಲ, ಅವರ ಮನಸ್ಸು ನೋಯಬಾರದೆಂದು.

ಸೈಕಲ್ಲು ಬಂದಿದ್ದರೆ ನಡೆಯುತ್ತಿದ್ದರೋ ಇಲ್ಲವೋ — ಯಾರಿಗೆ ಗೊತ್ತು. ಗೊತ್ತಾಗದಂತೆ ಮಾಡಿದವಳೂ ನಾನೇ. ಹೋದ ವರ್ಷ ಅವರು ತೀರಿಕೊಂಡರು. ಮಾವನಿಗೇ ಮನಸ್ಸಿರಲಿಲ್ಲ ಎಂದು ನೀನು ಇವತ್ತಿಗೂ ಬಂದವರಿಗೆ ಹೇಳುತ್ತೀಯ. ಇನ್ನು ಹಾಗೆ ಹೇಳಬೇಡ. ಅವರಿಗೆ ಮನಸ್ಸಿತ್ತು.

ನಾನು ಆ ಸುಳ್ಳು ಹೇಳಿದ ಮಾರನೆಯ ಬೆಳಿಗ್ಗೆ ಕಾಫಿ ಹಿಡಿದು ಕೋಣೆಗೆ ಹೋದೆ. ಹೊದಿಕೆಯೊಳಗೆ ಅವರ ಪಾದಗಳು ಆಡುತ್ತಿದ್ದವು. ಎಡಗಾಲು ತುಳಿಯುತ್ತಿತ್ತು, ಬಲಗಾಲು ಅದರ ಹಿಂದೆ ಇಷ್ಟಿಷ್ಟೇ ಬರುತ್ತಿತ್ತು. ನನ್ನನ್ನು ನೋಡಿ ನಕ್ಕರು. ನಾನು ಲೋಟ ಕೆಳಗಿಟ್ಟು, ಹೊದಿಕೆಯ ಅಂಚನ್ನು ಎರಡೂ ಕಡೆ ಹಾಸಿಗೆಯಡಿಗೆ ಬಿಗಿಯಾಗಿ ಸಿಕ್ಕಿಸಿದೆ.