ಕಿವಿ ಮೇಸ್ತ್ರಿಯ ರಬ್ಬರ್ ಕೊಳವೆ

ಬೀದಿಯವರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರು ಇನ್ನೂ ತಿರುವಿನಲ್ಲಿರುವಾಗಲೇ ಗ್ಯಾರೇಜಿನ ಬೆಂಚಿನ ಮೇಲೆ ಕುಳಿತೇ ಅದರ ಸದ್ದು ಕೇಳಿ, "ಟ್ಯಾಪೆಟ್ ಸಡಿಲ ಆಗಿದೆ, ಒಳಗೆ ತಗೊಳ್ಳಿ" ಎನ್ನುತ್ತಿದ್ದ ಆಸಾಮಿ. ಬಂದವರಿಗೆ ತಮ್ಮ ಗೋಳು ಹೇಳಿಕೊಳ್ಳುವ ಸುಖವನ್ನೂ ಉಳಿಸುತ್ತಿರಲಿಲ್ಲ. ಅದರ ಬಗ್ಗೆ ಅವನಿಗೆ ಜಂಬವೂ ಇತ್ತು. ಇರಲಿ ಬಿಡಿ, ಇರಬೇಕಾದ್ದೇ.

ಅಂಥವನಿಗೆ ಕಿವಿಯೇ ಕೈಕೊಟ್ಟಿತ್ತು. ಮೊದಲು ಗುಬ್ಬಿಗಳ ದನಿ ಹೋಯಿತು, ಆಮೇಲೆ ಗೋಡೆ ಗಡಿಯಾರದ್ದು, ಆಮೇಲೆ ಎಂಜಿನ್ನಿನ ಸಣ್ಣ ಸದ್ದುಗಳು ಒಂದೊಂದಾಗಿ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಮಾತು ಕೇಳಿಸದಾಗೆಲ್ಲ ತಲೆಯಾಡಿಸಿ "ನೋಡೋಣ, ನೋಡೋಣ" ಎಂದು ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು.

ಪಕ್ಕದ ಟೈರ್ ಅಂಗಡಿಯವನು ಬಹಳ ದಿನದಿಂದ ಗ್ಯಾರೇಜಿನ ಜಾಗ ಕೇಳುತ್ತಿದ್ದ. ಆ ಬೆಳಿಗ್ಗೆ ಮೇಸ್ತ್ರಿ, "ಇದೊಂದು ಕಾರು ಮುಗೀಲಿ, ಸಂಜೆ ಹೇಳ್ತೀನಿ" ಎಂದುಬಿಟ್ಟಿದ್ದ. ಈ ಕಾರು ತನ್ನ ಕೈಯಲ್ಲಿ ಸರಿಹೋಗದಿದ್ದರೆ ಬೀಗ ಹಾಕುವುದೇ ಸೈ ಎಂದು ಒಳಗೊಳಗೇ ತೀರ್ಮಾನಿಸಿದ್ದ.

ಆ ಕಾರು ಡ್ರೈವಿಂಗ್ ಸ್ಕೂಲಿನ ಟೀಚರಮ್ಮನದು. ಹಳೆಯ ಕಾರ್ಬುರೇಟರ್ ಗಾಡಿ. ಸುಮ್ಮನೆ ನಿಂತಾಗ ಗಡಗಡ ನಡುಗುತ್ತಿತ್ತು, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತಿತ್ತು, ಕಲಿಯುವವರು ಕ್ಲಚ್ ಬಿಟ್ಟ ಕೂಡಲೇ ಆರಿಹೋಗುತ್ತಿತ್ತು. ಪಾಪ, ಅವರು ತಪ್ಪು ತಮ್ಮದೇ ಎಂದುಕೊಂಡು ಬೆವರುತ್ತಿದ್ದರು.

"ಮೇಸ್ತ್ರಿ, ಇದು ಮೂರನೇ ಸಲ" ಎಂದಳು ಟೀಚರಮ್ಮ. "ನಾಳೆ ನಮ್ಮವರಿಗೆ ಟೆಸ್ಟ್ ಇದೆ. ಇದು ಹೀಗೇ ನಿಂತುಹೋಗ್ತಿದ್ರೆ ಪಾಸಾಗೋದು ಹೇಗೆ?"

ಮೇಸ್ತ್ರಿ ಸ್ಪಾರ್ಕ್ ಪ್ಲಗ್ ಬಿಚ್ಚಿದ. ಒಳ್ಳೆಯ ಎಂಜಿನ್ನಿನ ಪ್ಲಗ್ ತುದಿ ಬಿಸ್ಕತ್ತಿನ ಬಣ್ಣಕ್ಕಿರುತ್ತದೆ. ಇದು ಸುಣ್ಣ ಬಳಿದಂತೆ ಬೆಳ್ಳಗಿತ್ತು. ಅಂದರೆ ಒಳಗೆ ಪೆಟ್ರೋಲು ಕಡಿಮೆ, ಗಾಳಿ ಹೆಚ್ಚು. ಕಣ್ಣು ಇಷ್ಟನ್ನು ಹೇಳಿತು, ಸರಿಯಾಗಿಯೇ ಹೇಳಿತು. ಆದರೆ ಹಿಂದಿನ ಎರಡು ಸಲವೂ ಅವನು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ತೊಳೆದು, ಸ್ಕ್ರೂ ತಿರುಗಿಸಿ ಪೆಟ್ರೋಲು ಹೆಚ್ಚಿಸಿ ಕಳಿಸಿದ್ದ. ಕಾರು ಎರಡು ದಿನ ಸುಮ್ಮನಿದ್ದು ಮತ್ತೆ ಹಟ ಹಿಡಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗಿತ್ತು. ಗಾಳಿ ಬೇರೆಲ್ಲಿಂದಲೋ ಕದ್ದು ನುಗ್ಗುತ್ತಿದೆ ಎಂಬುದು ಅವನಿಗೂ ಗೊತ್ತು. ಅದನ್ನು ಹಿಡಿಯುವ ಉಪಾಯವೂ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು: ಎರಡು ಮೊಳ ಉದ್ದದ ರಬ್ಬರ್ ಕೊಳವೆ. ಒಂದು ತುದಿ ಕಿವಿಗೆ, ಇನ್ನೊಂದನ್ನು ಎಂಜಿನ್ನಿನ ಸಂದುಗಳ ಮೇಲೆ ಆಡಿಸಿದರೆ ಕಳ್ಳ ಗಾಳಿ ತಾನೇ ಬುಸುಗುಟ್ಟಿ ಸಿಕ್ಕಿಬೀಳುತ್ತದೆ. ಕೇಳುವ ಕಿವಿ ಇರಬೇಕು, ಅಷ್ಟೇ.

ಅವನು ಪ್ಲಗ್ ಮತ್ತೆ ಕೂರಿಸಿ ಎಂಜಿನ್ ಶುರುಮಾಡಿದ. ಅಷ್ಟರಲ್ಲಿ ಗ್ಯಾರೇಜಿನ ಹಿಂದಿನ ಮನೆಯಿಂದ ಅವನ ಹೆಂಡತಿ ಚಹಾ ತಂದಳು. ಮದುವೆಯಾದಾಗಿನಿಂದ ಈ ಎಂಜಿನ್ ಸದ್ದನ್ನು ಶಪಿಸುತ್ತಲೇ ಅಡುಗೆ ಮಾಡಿದವಳು. ಕಾರಿನ ಬಳಿ ನಿಂತು ಮುಖ ಸಿಂಡರಿಸಿದಳು.

"ರೀ, ಇದರೊಳಗೆ ಎಲ್ಲೋ ಕುಕ್ಕರ್ ಗ್ಯಾಸ್ಕೆಟ್ ಹೋದ ಹಾಗೆ ಬುಸ್ ಅಂತಿದೆಯಲ್ಲ."

"ನೋಡೋಣ, ನೋಡೋಣ" ಎಂದ ಮೇಸ್ತ್ರಿ.

ಅವಳು ಲೋಟ ಕೆಳಗಿಟ್ಟಳು. ಮೊಳೆಯಲ್ಲಿ ನೇತಾಡುತ್ತಿದ್ದ ಕೊಳವೆಯನ್ನು ಕೆಳಗೆಳೆದುಕೊಂಡು ಒಂದು ತುದಿಯನ್ನು ತನ್ನ ಕಿವಿಗೇ ಸಿಕ್ಕಿಸಿಕೊಂಡು, ಅವನ ಮುಖಕ್ಕೆ ಮುಖ ಕೊಟ್ಟು ಬಿಡಿಬಿಡಿಸಿ ಹೇಳಿದಳು: "ಎಲ್ಲಿ ಹಿಡೀಬೇಕು, ತೋರಿಸಿ."

ಟೀಚರಮ್ಮ ನೋಡುತ್ತಿದ್ದಳು. ಮೇಸ್ತ್ರಿಯ ಮುಖ ಕೆಂಪಾಯಿತು. ಇಷ್ಟು ದಿನದ ಗುಟ್ಟು ಬಯಲಾದ ನಾಚಿಕೆ ಒಂದು ಕಡೆ, ಹೊತ್ತ ಮೂಟೆಯನ್ನು ಯಾರೋ ಇಳಿಸಿದಂಥ ಹಗುರ ಇನ್ನೊಂದು ಕಡೆ.

"ಯಾವಾಗ ಗೊತ್ತಾಯ್ತೇ ನಿನಗೆ?"

"ಕುಕ್ಕರ್ ಕೂಗಿದ್ರೂ ನೀವು ಊಟಕ್ಕೆ ಬರೋದು ಬಿಟ್ರಲ್ಲ, ಆವತ್ತೇ. ನೀವಾಗೇ ಹೇಳ್ತೀರಾ ಅಂತ ಕಾದೆ. ಮಾತು ಆಮೇಲೆ, ಮೊದಲು ಜಾಗ ತೋರಿಸಿ."

"ಫ್ಯಾನ್ ಹತ್ತಿರ ಕೈ ಬೇಡ" ಎಂದು ಅವನು ಅವಳ ಮಣಿಕಟ್ಟು ಹಿಡಿದು ಸಂದಿನಿಂದ ಸಂದಿಗೆ ನಡೆಸಿದ. ಕಾರ್ಬುರೇಟರಿನ ಬುಡ, ಇಲ್ಲ. ಪಕ್ಕದ ಪೈಪು, ಇಲ್ಲ. ಕಾರ್ಬುರೇಟರಿನಿಂದ ಬರುವ ದಪ್ಪ ಪೈಪು ಎಂಜಿನ್ನಿಗೆ ಕೂಡುವ ಜಾಗದಲ್ಲಿ, ಹಿಂಭಾಗದ ಮೂಲೆಯಲ್ಲಿ, ಅವಳ ಹುಬ್ಬು ಮೇಲೇರಿತು.

"ಇಲ್ಲೇ. ಬುಸ್ ಅಂತ ಹೀರ್ತಿದೆ."

ಮೇಸ್ತ್ರಿ ಬ್ರಷ್ಷಿನಿಂದ ಆ ಸಂದಿಗೆ ಎಂಜಿನ್ ಆಯಿಲ್ ಬಳಿದು, ಅಂಗೈಯನ್ನು ಕಾರಿನ ಮೈಮೇಲಿಟ್ಟ. ಎಣ್ಣೆ ಬಿರುಕನ್ನು ಮುಚ್ಚಿದಷ್ಟು ಹೊತ್ತು ನಡುಕ ನಿಂತಿತು, ಎಣ್ಣೆ ಒಳಗೆ ಹೋದ ಮೇಲೆ ಮತ್ತೆ ಶುರುವಾಯಿತು. ಕಳ್ಳ ಸಿಕ್ಕಿದ್ದ. ಮೇಸ್ತ್ರಿಗೆ ಕುಣಿಯಬೇಕೆನಿಸಿತು. ಮಂಡಿ ನೋವಿತ್ತೆಂದು ಕುಣಿಯಲಿಲ್ಲ.

ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ನೋಡಿದರೆ ನಡುವಿನ ಪ್ಯಾಕಿಂಗ್, ಅಂದರೆ ಗ್ಯಾಸ್ಕೆಟ್, ಹಪ್ಪಳದಂತೆ ಸೀಳಿಹೋಗಿತ್ತು. ಹೊಸ ಪ್ಯಾಕಿಂಗ್ ಕತ್ತರಿಸಿ, ಕೂರಿಸಿ, ಬಿಗಿದು, ಎಂಜಿನ್ ಮತ್ತೆ ಶುರುಮಾಡಿದ. ಹಿಂದೆ ಹೆಚ್ಚಿಸಿಟ್ಟಿದ್ದ ಪೆಟ್ರೋಲಿನಿಂದ ಎಂಜಿನ್ನಿಗೆ ಈಗ ಉಸಿರುಗಟ್ಟಿತು. ಅವನು ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೆಂಡತಿಯ ಮುಖವನ್ನೇ ನೋಡಿದ. ಅವಳು ಕಣ್ಣು ಮುಚ್ಚಿ ನಿಂತಿದ್ದಳು.

"ಇನ್ನೂ ಸ್ವಲ್ಪ. ಇನ್ನೂ. ಅಯ್ಯೋ, ಜಾಸ್ತಿ ಆಯ್ತು, ವಾಪಸ್ ತನ್ನಿ. ಹಾಂ, ಇರಲಿ. ಈಗ ಬಾಯಿ ಮುಚ್ಚಿಕೊಂಡಿದೆ."

ಟೀಚರಮ್ಮ ಕ್ಲಚ್ ಬಿಟ್ಟಳು. ಕಾರು ಆರಲಿಲ್ಲ. ಬೀದಿಯಲ್ಲಿ ಎರಡು ಸುತ್ತು ಹಾಕಿ ಬಂದು, "ಅಕ್ಕಾ, ನಾಳೆ ಯಾರಾದ್ರೂ ಫೇಲಾದ್ರೆ ಅದು ಅವರದೇ ತಪ್ಪು" ಎಂದು ನಗುತ್ತ ಹೋದಳು.

ಸಂಜೆ ಟೈರ್ ಅಂಗಡಿಯವನು ಬಂದು ಜಾಗದ ವಿಷಯ ಎತ್ತಿದ. ಮೇಸ್ತ್ರಿ ಬೆಂಚಿನ ಮೇಲೆ ಕುಳಿತಿದ್ದ, ಪಕ್ಕದಲ್ಲಿ ಹೆಂಡತಿ. ನೋಡೋಣ ಎಂಬ ಮಾತು ಬಾಯಿಯ ತನಕ ಬಂತು. ಅದನ್ನು ನುಂಗಿಕೊಂಡು, ಬೀದಿಗೆಲ್ಲ ಕೇಳುವಂತೆ ಹೇಳಿದ:

"ನನಗೆ ಕಿವಿ ಸರಿಯಾಗಿ ಕೇಳಿಸಲ್ಲಪ್ಪ. ಜೋರಾಗಿ ಹೇಳು."

ಟೈರ್ ಅಂಗಡಿಯವನು ತಬ್ಬಿಬ್ಬಾಗಿ ಅವಳ ಕಡೆ ನೋಡಿದ.

"ಜಾಗ ಕೊಡಲ್ಲ ಅಂತ ಹೇಳ್ತಿದ್ದಾರೆ" ಎಂದು ಹೇಳಿ ಅವಳು ರಬ್ಬರ್ ಕೊಳವೆಯನ್ನು ಮೊಳೆಗೆ ನೇತುಹಾಕಲು ಎದ್ದಳು. ಮೊಳೆ ಅವಳಿಗೆ ಎತ್ತರವಾಗಿತ್ತು. ಮರುದಿನ ಮೇಸ್ತ್ರಿ ಅದನ್ನು ಕಿತ್ತು, ಅವಳ ಕೈಗೆಟಕುವಷ್ಟು ಕೆಳಗೆ ಹೊಡೆದ.