ಬಚ್ಚಲಿಗೆಂದು ಮಾಡಿಸಿದ ಬೀರು

ನನಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಡ, ಗೋಡೆಗೆ ಹೊಡೆದ ಒಂದು ಮೊಳೆ ಸಾಕು. ನಾನು ಹೇಳುತ್ತಿರುವುದು ಮಂಡ್ಯದ ನಮ್ಮ ಮನೆಯ ಹಜಾರದಲ್ಲಿ ಕನ್ನಡಿ ತೂಗುಹಾಕಿದ್ದ ಮೊಳೆಯ ವಿಷಯ. ಹೊಡೆದವರು ನಮ್ಮ ಯಜಮಾನರು. ಆರಡಿ ಆಳು. ತಮ್ಮ ಗಡ್ಡ ಕಾಣುವ ಎತ್ತರಕ್ಕೆ ಹೊಡೆದು, ಕನ್ನಡಿ ನೇತುಹಾಕಿ, "ಎಷ್ಟು ಸರಿಯಾಗಿ ಕೂತಿದೆ ನೋಡು" ಎಂದರು. ನೋಡಿದೆ. ತುದಿಗಾಲಲ್ಲಿ ನಿಂತರೂ ನನಗೆ ಕಂಡದ್ದು ನನ್ನ ಬೈತಲೆ ಮತ್ತು ಅದರ ಹಿಂದೆ ಸೂರಿನ ಜಂತೆ.

ಕೈಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತಾರೆ. ಬೇಡ, ಸರಿ. ಹಣೆಯ ಕುಂಕುಮಕ್ಕೆ? ಆ ಗಾದೆ ಕಟ್ಟಿದವನು ಗಂಡಸೇ ಇರಬೇಕು ಎಂದು ನನ್ನ ಗುಮಾನಿ. ಎಪ್ಪತ್ತರ ದಶಕದ ನಡುವಿನ ಮಾತಿದು. ನಾನಾಗ ಮದ್ದೂರಿನ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದೆ. ಬೆಳಿಗ್ಗೆ ಅಂದಾಜಿನ ಮೇಲೆ ಕುಂಕುಮ ಇಟ್ಟು, ಅಂದಾಜಿನ ಮೇಲೆ ಜಡೆ ಹೆಣೆದು ಬಸ್ಸಿಗೆ ಓಡುತ್ತಿದ್ದೆ. ಒಂದು ದಿನ ಪಕ್ಕದ ಸೀಟಿನಲ್ಲಿದ್ದ, ಹೂವಿನ ಬುಟ್ಟಿ ಹಿಡಿದ ಹೆಂಗಸು ನನ್ನನ್ನೇ ದಿಟ್ಟಿಸಿ, "ಇದ್ಯಾಕವ್ವಾ, ಕುಂಕ್ಮ ಉಬ್ಬಿನ್ ಮ್ಯಾಕೆ ಅತ್ಬುಟ್ಟದೆ?" ಎಂದಳು. ಅಷ್ಟು ಸಾಲದೆಂಬಂತೆ ತನ್ನ ಸೆರಗಿನ ತುದಿಯಿಂದ ಒರೆಸಿ ಸರಿಮಾಡಿದಳು. ಇಡೀ ಬಸ್ಸು ನೋಡಿತು.

ನಮ್ಮ ಹೊಯ್ಸಳರ ಗುಡಿಗಳನ್ನು ನೀವು ನೋಡಿದ್ದೀರಿ. ಅಲ್ಲಿ ಕಂಬದ ಮೇಲೆ ಒಬ್ಬ ಸುಂದರಿ ಕೈಯಲ್ಲಿ ಕನ್ನಡಿ ಹಿಡಿದು ನಿಂತಿರುತ್ತಾಳೆ. ಪಂಡಿತರು ಅದರಲ್ಲಿ ಶೃಂಗಾರ ಕಾಣುತ್ತಾರೆ. ನನಗೆ ಬೇರೆಯೇ ಅನುಮಾನ. ಅವಳ ಗಂಡನೂ ಗೋಡೆಯ ಕನ್ನಡಿಯನ್ನು ತನ್ನ ಎತ್ತರಕ್ಕೆ ಹೊಡೆದಿದ್ದಿರಬೇಕು. ಇಲ್ಲದಿದ್ದರೆ ಎಂಟು ನೂರು ವರ್ಷ ಕೈ ನೋಯಿಸಿಕೊಂಡು ಯಾರು ಹಾಗೆ ನಿಲ್ಲುತ್ತಾರೆ?

ಮೊಳೆ ಕೆಳಗಿಳಿಸಿ ಎಂದರೆ ಗೋಡೆಯ ಗಾರೆ ಉದುರುತ್ತದೆ ಎಂಬ ಉತ್ತರ. ಅಷ್ಟರಲ್ಲಿ ಮಂಡ್ಯದಲ್ಲೇ ಒಬ್ಬ ಇಂಜಿನಿಯರರ ಮನೆಗೆ ಅರಿಶಿನ ಕುಂಕುಮಕ್ಕೆ ಹೋದವಳು ಕೈ ತೊಳೆಯಲು ಬಚ್ಚಲಿಗೆ ಹೋಗಿ ಬೆರಗಾದೆ. ಸೊಂಟದೆತ್ತರದ ಮರದ ಬೀರು, ಅದರ ಮೇಲುಹಲಗೆಯಲ್ಲಿ ದುಂಡಗೆ ಕೊರೆದು ಕೂರಿಸಿದ ಬಿಳಿ ಬೇಸಿನ್ನು, ಕೆಳಗೆ ಎರಡು ಬಾಗಿಲು, ಹಿಂದಿನ ಹಲಗೆಗೆ ಕನ್ನಡಿ. ನಮ್ಮ ಬಚ್ಚಲೋ! ಹಂಡೆ ಒಲೆಯ ಮಸಿ, ಕಿಟಕಿಯ ಮೇಲೆ ತೆಂಗಿನ ಚಿಪ್ಪಿನಲ್ಲಿ ಕರಗುವ ಸೋಪು, ಅದಕ್ಕೆ ಅಂಟಿಕೊಂಡ ಯಜಮಾನರ ಬ್ಲೇಡು, ಸೀಗೆಪುಡಿಯ ಡಬ್ಬಿಯೊಳಗೆ ಇರುವೆ. ನನಗೂ ಅಂಥದ್ದೊಂದು ಬೀರು ಬೇಕು, ಕನ್ನಡಿ ನನ್ನ ಎತ್ತರಕ್ಕೇ ಇರಬೇಕು ಎಂದು ಪಟ್ಟು ಹಿಡಿದೆ.

"ಬಚ್ಚಲಿಗೆ ಯಾರಾದ್ರೂ ಬೀರು ಮಾಡಿಸ್ತಾರಾ?" ಎಂದು ನಕ್ಕರು ಯಜಮಾನರು. ದನದ ಕೊಟ್ಟಿಗೆಗೆ ಗೋದಲಿ ಮಾಡಿಸಬಹುದು, ಹೆಂಡತಿಗೆ ಮುಖ ತೊಳೆಯಲು ಒಂದು ಜಾಗ ಮಾಡಿಸಬಾರದು! ಒಂದು ವಾರ ನಾನು ಮಾತು ಬಿಟ್ಟ ಮೇಲೆ ಒಪ್ಪಿದರು. ಮರವೂ ಮನೆಯಲ್ಲೇ ಇತ್ತು. ನಮ್ಮ ಅತ್ತೆಯ ತವರು ದುದ್ದ. ಅಲ್ಲಿಂದ ಬಂದ ಹಲಸಿನ ಹಲಗೆಗಳು ಅಟ್ಟದಲ್ಲಿ ಒಣಗಿ ಕೂತಿದ್ದವು. ಯಜಮಾನರು ತಮ್ಮ ಅವ್ವನ ಹತ್ತಿರ "ಒಂದು ಬೀರು ಮಾಡಿಸ್ತೀವಿ" ಎಂದಷ್ಟೇ ಹೇಳಿ, ಎಲ್ಲಿಡುತ್ತೇವೆ ಎಂಬುದನ್ನು ನುಂಗಿಕೊಂಡರು. ಕಚೇರಿಯಲ್ಲಿ ಕಲಿತ ಬುದ್ಧಿ.

ಬಡಗಿ ಸಿದ್ದಾಚಾರಿ ಹಿತ್ತಲಲ್ಲಿ ಕೂತು ಹಲಗೆ ಉಜ್ಜತೊಡಗಿದ. ನಾನು ಬರೆದುಕೊಟ್ಟ ಚಿತ್ರದಂತೆಯೇ ಬಂತು. ಮೇಲುಹಲಗೆಯಲ್ಲಿ ಬೇಸಿನ್ನಿಗೆ ದುಂಡನೆಯ ತೂತು. ಕನ್ನಡಿ ಕೂರಿಸುವಾಗ ನನ್ನನ್ನೇ ಎದುರಿಗೆ ನಿಲ್ಲಿಸಿಕೊಂಡ. ಹಲಸು ಉಜ್ಜಿದಷ್ಟೂ ಹಳದಿಗೆ ತಿರುಗಿ ಮಿರಮಿರ ಮಿಂಚಿತು. ನನ್ನ ಮುಖ ಪೂರ್ತಿಯಾಗಿ, ಗಲ್ಲದ ಸಮೇತ ಕಂಡಿತು. ಸುಳ್ಳು ಯಾಕೆ, ಕಣ್ಣಲ್ಲಿ ನೀರೇ ಬಂತು.

ಕೆಟ್ಟದ್ದು ಅಲ್ಲೇ. ಬಾಗಿಲಿರುವ ಯಾವ ಕೆಲಸವನ್ನೂ ಪೂಜೆಯಿಲ್ಲದೆ ಒಪ್ಪಿಸುವುದು ಸಿದ್ದಾಚಾರಿಯ ಮನೆತನದಲ್ಲಿ ಇಲ್ಲವಂತೆ. ಅರಮನೆಗಾದರೂ ಸರಿ, ಕೋಳಿಗೂಡಿಗಾದರೂ ಸರಿ. ಬೀರುವನ್ನು ಪೂರ್ವಕ್ಕೆ ಮುಖ ಮಾಡಿ ಹಜಾರದಲ್ಲಿಟ್ಟು, "ತಾಯಿ, ಅರಿಸ್ನ ಕುಂಕ್ಮ ಇಡಿ" ಎಂದ. ಹಿಗ್ಗಿನಲ್ಲಿದ್ದ ನಾನು ಇಟ್ಟೆ, ಹೂ ಮುಡಿಸಿದೆ, ಕಾಯಿ ಒಡೆದೆ. ಮಂಗಳಾರತಿಯನ್ನೂ ನಾನೇ ಎತ್ತಿದೆ. ಅತ್ತೆ ಕಣ್ಣಿಗೊತ್ತಿಕೊಂಡು, "ಎಲ್ಲಿಗ್ ಮಡಗ್ತೀರವ್ವ ಇದ್ನ?" ಎಂದರು.

"ಬಚ್ಚಲಿಗೆ ಅತ್ತೆ."

"ಬಚ್ಚಲ್ಗಾ? ಅಲಸಿನ್ ಮರನಾ? ಮಂಗ್ಳಾರ್ತಿ ಆಗಿರೋದ್ನ ತಗಂಡೋಗಿ ಎಂಜ್ಲು ಉಗಿಯೋ ಜಾಗ್ದಲ್ ಮಡಗ್ತೀಯಾ? ಮನೆ ಉಳಿತದಾ?"

ಸಿದ್ದಾಚಾರಿ ನನ್ನ ಕಡೆ ನೋಡಲಿಲ್ಲ. ಯಜಮಾನರು ಸೂರು ನೋಡಿದರು. ಸಂಜೆಯ ಹೊತ್ತಿಗೆ ನನ್ನ ಬೀರು ದೇವರ ಮನೆ ಸೇರಿತ್ತು. ಬೇಸಿನ್ನಿನ ತೂತು ಇತ್ತಲ್ಲ, ಅದರಲ್ಲಿ ಅಕ್ಕಿ ತುಂಬಿದ ಬೋಗುಣಿಯ ಸಮೇತ ಕಳಸ ಕೂತಿತು, ಅಳತೆ ತೆಗೆದು ಮಾಡಿಸಿದ ಹಾಗೆ! ಬಲಕ್ಕೆ ಗಣಪತಿ, ಎಡಕ್ಕೆ ಲಕ್ಷ್ಮಿ, ಸೋಪಿಗೆಂದು ಮಾಡಿಸಿದ ಗೂಡಿನಲ್ಲಿ ಊದಿನಕಡ್ಡಿ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನನ್ನ ಪಾಲಿಗೆ ಆಚಾರಿ ಕೊಟ್ಟದ್ದನ್ನು ದೇವರೇ ಕಿತ್ತುಕೊಂಡ.

ಯಜಮಾನರು ಸಮಾಧಾನ ಹೇಳಲು ಬಂದರು. "ದೇವರ ಹಿಂದೆ ಕನ್ನಡಿ ಇರೋದು ಒಳ್ಳೇದೇ. ಕೈಮುಗಿದವನಿಗೆ ತನ್ನೊಳಗಿನ ದೇವರು ಕಾಣ್ತಾನೆ" ಎಂದು ಕೈಮುಗಿದು ನಿಂತರು. ಕನ್ನಡಿ ನನ್ನ ಎತ್ತರಕ್ಕಿತ್ತಲ್ಲ, ಅವರಿಗೆ ಕಂಡದ್ದು ಬನಿಯನ್ನಿನ ತೂತು. ನನಗೆ ನಗು ಬರಲಿಲ್ಲ. ನನ್ನ ಕುಂಕುಮ ಮತ್ತೆ ಹುಬ್ಬು ಹತ್ತಿತು. ನಾನು ಪಾತ್ರೆಗಳನ್ನು ಸದ್ದುಮಾಡಿ ಇಡಲು ಶುರುಮಾಡಿದೆ, ಸಾರಿಗೆ ಖಾರ ಜಾಸ್ತಿಯಾಯಿತು.

ಕೊನೆಗೊಂದು ಭಾನುವಾರ ತೀರ್ಮಾನಿಸಿದೆ. ಮರ ದೇವರಿಗೇ ಇರಲಿ, ಕನ್ನಡಿ ನನ್ನದು. ಬಿಚ್ಚಿ ಬಚ್ಚಲಿಗೆ ಹಾಕಿಕೊಳ್ಳುತ್ತೇನೆ, ಯಾರು ತಡೆಯುತ್ತಾರೋ ನೋಡುತ್ತೇನೆ. ತಿರುಪುಳಿ ಹಿಡಿದು ದೇವರ ಮನೆಯ ಬಾಗಿಲು ದೂಡಿದೆ.

ಒಳಗೆ ಅತ್ತೆ ನಿಂತಿದ್ದರು. ಅವರೂ ನನ್ನಷ್ಟೇ ಕುಳ್ಳು. ಗಣಪತಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿ, ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಳ್ಳುತ್ತ ಕೆನ್ನೆಯ ಮೇಲೆ ಬೆರಳಾಡಿಸುತ್ತಿದ್ದರು. ನನ್ನನ್ನು ಕಂಡವರೇ ಗಾಬರಿಯಾಗಿ ಸೆರಗು ಎಳೆದುಕೊಂಡರು. "ದೇವ್ರುನ್ನ ಒರೆಸ್ತಿದ್ದೆ ಕಣವ್ವ" ಎಂದರು. ಕೈಯಲ್ಲಿ ಬಟ್ಟೆಯಿರಲಿಲ್ಲ. ಆಮೇಲೆ ತಾವೇ ಮೆಲ್ಲಗೆ ಹೇಳಿದರು: "ನಿಮ್ಮಾವ ಓದ್ಮೇಲೆ ಮೊಕ ನೋಡ್ಕಂಡೇ ಇರ್ನಿಲ್ಲ. ಕುಂಕ್ಮ ಅಳಿಸ್ದೋಳ್ಗೆ ಕನ್ನಡಿ ಯಾಕೆ ಅಂದ್ಬುಟ್ರು. ಈಗ್ ನೋಡಿದ್ರೆ ನಮ್ಮವ್ವನ್ ಮೊಕವೇ ಬಂದು ಕುಂತದೆ ಕಣವ್ವ."

"ಯಾರಂದ್ರು ಅತ್ತೆ?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

"ಎಲ್ರೂವೆ."

ಮೊಳೆ ಹೊಡೆದ ಗಂಡನನ್ನು ಬಯ್ಯಬಹುದು, ಆರತಿ ಎತ್ತಿಸಿದ ಆಚಾರಿಯನ್ನೂ ಬಯ್ಯಬಹುದು. ಎಲ್ಲರನ್ನೂ ಬಯ್ಯುವುದು ಹೇಗೆ? ಆ ಹೊತ್ತು ನನಗೆ ಬಂದಷ್ಟು ಸಿಟ್ಟು ಅದಕ್ಕೆ ಮೊದಲು ಬಂದಿರಲಿಲ್ಲ.

"ಇದ್ಯಾಕವ್ವ ತಿರುಪುಳಿ?" ಎಂದರು ಅತ್ತೆ.

"ಕನ್ನಡಿ ಸಡಿಲ ಆಗಿದೆ ಅತ್ತೆ, ಬಿಗಿ ಮಾಡೋಣ ಅಂತ" ಎಂದೆ.

ನಾಲ್ಕೂ ಕಡೆ ಬಿಗಿ ಮಾಡಿದೆ. ಆಮೇಲೆ ಗಣಪತಿಯನ್ನು ಇನ್ನೂ ಒಂದಿಷ್ಟು ಪಕ್ಕಕ್ಕೆ ಸರಿಸಿದೆ, ನಾವು ಇಬ್ಬರಿದ್ದೆವಲ್ಲ.